ಬಂಡೆ ಮೇಲಿನ ಊರಿಗೆ ನೀರು ಎಲ್ಲಿಂದ ಬಂತು?

ಹೋದ ತಿಂಗಳು ಇಟಲಿಯ ಒರ್ವಿಯೇಟೊ ಬಗ್ಗೆ ಒಂದು ಪುಟ ಬರೆದಿದ್ದೆ. ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಉಂಬ್ರಿಯಾ ಪ್ರಾಂತ್ಯ. ಸುತ್ತಲೂ ದ್ರಾಕ್ಷಿ ತೋಟ. ನಡುವೆ ಕತ್ತಿಯಲ್ಲಿ ಕಡಿದಿಟ್ಟ ಹಾಗೆ ನೆಟ್ಟಗೆ ನಿಂತ ಬಂಡೆ. ಅದರ ನೆತ್ತಿಯ ಮೇಲೆ ಊರು. ನಾನೂ ನಮ್ಮ ಯಜಮಾನರೂ ಅಲ್ಲಿ ಮೂರು ರಾತ್ರಿ ಇದ್ದು ಬಂದೆವು. ಬರೆದದ್ದು ಒಂದೇ ಪುಟ, ಬಂದ ಪ್ರಶ್ನೆಗಳು ಒಂದು ಚೀಲ. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಇಲ್ಲ. ಒಂದೇ ತರಹದವನ್ನು ಒಟ್ಟು ಮಾಡಿದ್ದೇನೆ. "ಇಷ್ಟೆಲ್ಲ ತಿರುಗಾಡಲು ದುಡ್ಡು ಎಲ್ಲಿಂದ?" ಎಂದು ಕೇಳಿದವರಿಗೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ: ಇಬ್ಬರ ಪಿಂಚಣಿ, ಮತ್ತೆ ಹತ್ತು ವರ್ಷ ಕಾರು ಕೊಳ್ಳದೆ ಇದ್ದದ್ದು.

ರೋಮ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ದಾರಿಯಲ್ಲಿ ಇಳಿದು, ಮೂರು ಗಂಟೆಯಲ್ಲಿ ಒರ್ವಿಯೇಟೊ ನೋಡಿ, ಮುಂದಿನ ರೈಲು ಹಿಡಿಯಬಹುದೇ?
— ಓದುಗರು, ಮೈಸೂರು

ಹಿಡಿಯಬಹುದು. ಆದರೆ ಹಿಡಿಯಬೇಡಿ.

ಮೂರು ಗಂಟೆಯಲ್ಲಿ ಚರ್ಚಿನ ಮುಂದೆ ಒಂದು ಫೋಟೊ ಆಗುತ್ತದೆ, ಒಂದು ಐಸ್‌ಕ್ರೀಂ ಆಗುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಣ್ಣದ ಕೊಡೆ ಎತ್ತಿ ಹಿಡಿದ ಗೈಡ್‌ಗಳು ಗುಂಪು ಗುಂಪಾಗಿ ಜನರನ್ನು ಕರೆತರುತ್ತಾರೆ. ಸಂಜೆ ಐದರ ಹೊತ್ತಿಗೆ ಎಲ್ಲರೂ ಇಳಿದು ಹೋಗುತ್ತಾರೆ. ಊರು ಊರಾಗುವುದು ಆಮೇಲೆಯೇ. ಅಜ್ಜಂದಿರು ಜಗಲಿಗೆ ಬಂದು ಕೂರುತ್ತಾರೆ. ಮಕ್ಕಳು ಚರ್ಚಿನ ಅಂಗಳದಲ್ಲೇ ಚೆಂಡು ಒದೆಯುತ್ತಾರೆ. ಚರ್ಚಿನ ಮುಖ ಪಡುವಣಕ್ಕಿದೆ. ಇಳಿಬಿಸಿಲು ನೇರ ಅದರ ಮೇಲೆ ಬಿದ್ದು, ಚಿನ್ನದ ಬಣ್ಣದ ಮೊಸಾಯಿಕ್ ಪೂರ್ತಿ ಹೊತ್ತಿಕೊಳ್ಳುವುದು ಆ ಹೊತ್ತಿನಲ್ಲೇ. ಮಧ್ಯಾಹ್ನದ ರೈಲಿಗೆ ಓಡುವವರಿಗೆ ಇದು ಸಿಗುವುದಿಲ್ಲ. ಒಂದು ರಾತ್ರಿಯಾದರೂ ಇರಿ.

ಅತಿವೇಗದ ರೈಲುಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ರೋಮ್‌ನ ಟೆರ್ಮಿನಿ ನಿಲ್ದಾಣದಿಂದ ಹೊರಡುವ ಸಾಧಾರಣ ರೈಲು ಹಿಡಿಯಿರಿ. ಒಂದೂಕಾಲು, ಒಂದೂವರೆ ಗಂಟೆ ದಾರಿ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಪುಟ್ಟ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಲೇಬೇಕು. ನಾವು ಹಾಕಿಸಲಿಲ್ಲ. ಟಿಕೆಟ್ ನೋಡಲು ಬಂದಾತ ನಗುನಗುತ್ತಲೇ ದಂಡ ಬರೆದುಕೊಟ್ಟ. "ದುಡ್ಡು ಕೊಟ್ಟು ಕೊಂಡ ಟಿಕೆಟ್ಟಿಗೂ ದಂಡವಾ?" ಎಂದು ನಮ್ಮವರು ಅಚ್ಚಕನ್ನಡದಲ್ಲಿ ಜಗಳಕ್ಕೆ ನಿಂತರು. ಆತ ಅಚ್ಚ ಇಟಾಲಿಯನ್‌ನಲ್ಲಿ ಉತ್ತರ ಕೊಟ್ಟ. ಗೆದ್ದದ್ದು ಆತನೇ. ಆ ದುಡ್ಡಿನಲ್ಲಿ ಇಬ್ಬರಿಗೂ ಎರಡು ಹೊತ್ತಿನ ಊಟ ಆಗುತ್ತಿತ್ತು.

ಅಮ್ಮನಿಗೆ 74 ವರ್ಷ, ಎರಡೂ ಮಂಡಿ ನೋವು. ಬೆಟ್ಟದ ಮೇಲಿನ ಊರು ಅಂದ ಕೂಡಲೇ "ನೀವು ಹೋಗಿಬನ್ನಿ" ಅಂತಾರೆ. ಕರೆದೊಯ್ಯಬಹುದಾ?
— ಓದುಗರು, ಶಿವಮೊಗ್ಗ

ಧೈರ್ಯವಾಗಿ ಕರೆದುಕೊಂಡು ಹೋಗಿ. ಇಟಲಿಯ ಬೆಟ್ಟದೂರುಗಳಲ್ಲಿ ಮಂಡಿ ನೋವಿನವರಿಗೆ ಇಷ್ಟು ಅನುಕೂಲ ಇರುವುದು ಕಡಿಮೆ. ರೈಲು ನಿಲ್ದಾಣ ಬಂಡೆಯ ಬುಡದಲ್ಲಿದೆ. ರಸ್ತೆ ದಾಟಿದರೆ ಎದುರಿಗೇ ಹಗ್ಗದ ರೈಲು. ಅವರ ಬಾಯಲ್ಲಿ ಫುನಿಕೊಲಾರೆ. ಎರಡೇ ಡಬ್ಬಿ. ಒಂದು ಮೇಲೇರುವಾಗ ಇನ್ನೊಂದು ಇಳಿಯುತ್ತದೆ. ಎರಡು ಮೂರು ನಿಮಿಷದಲ್ಲಿ, ಹಳೆಯ ಕೋಟೆಯ ಅಡಿಯ ಸುರಂಗ ನುಗ್ಗಿ, ಊರಿನ ಮೂಡಲ ಅಂಚಿನ ಕಾಹೆನ್ ಚೌಕಕ್ಕೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಚರ್ಚಿನವರೆಗೆ ಪುಟ್ಟ ಬಸ್ ಇದೆ.

ಇದು ಮೊದಲು ಓಡಿದ್ದು 1888ರಲ್ಲಿ. ಆಗ ಕರೆಂಟೂ ಇಲ್ಲ, ಉಗಿಯೂ ಇಲ್ಲ, ಬರೀ ನೀರು. ಮೇಲಿನ ಡಬ್ಬಿಯ ತೊಟ್ಟಿಗೆ ನೀರು ತುಂಬುತ್ತಿದ್ದರು. ಅದು ಭಾರಕ್ಕೆ ಇಳಿಯುತ್ತಾ ಕೆಳಗಿನದನ್ನು ಮೇಲಕ್ಕೆ ಎಳೆಯುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ನೀರು ಬಸಿದರೆ ಆಯಿತು. 1970ರಲ್ಲಿ ನಿಂತುಹೋಗಿ, 1990ರಲ್ಲಿ ಕರೆಂಟಿನಲ್ಲಿ ಮತ್ತೆ ಶುರುವಾಯಿತು. ಮೂವತ್ತೊಂದು ವರ್ಷ ನೀರಿನ ಇಲಾಖೆಯಲ್ಲಿ ಪಂಪು ಕೆಟ್ಟಿದೆ ಎಂಬ ಅರ್ಜಿಗಳನ್ನೇ ಓದಿದವಳಿಗೆ, ನೀರೇ ಜನರನ್ನು ಹೊತ್ತು ಮೇಲಕ್ಕೆ ತರುತ್ತಿತ್ತು ಎಂದರೆ ಎಷ್ಟು ಖುಷಿ ಆಗಿರಬೇಡ!

ಊರಿನ ಪಡುವಣ ತುದಿಯಿಂದ ಬರುವವರಿಗೆ ಕಾಂಪೊ ದೆಲ್ಲಾ ಫಿಯೆರಾ ಎಂಬ ಪಾರ್ಕಿಂಗ್ ಜಾಗದಿಂದ ಲಿಫ್ಟ್, ಎಸ್ಕಲೇಟರ್ ಎರಡೂ ಇವೆ. ಮೇಲೆ ಬಂದ ಮೇಲೆ ದೊಡ್ಡ ಬೀದಿಗಳು ಹೆಚ್ಚುಕಡಿಮೆ ಸಮತಟ್ಟು. ನೆಲ ಮಾತ್ರ ಕಲ್ಲು ಹಾಸಿನದು, ಮಳೆ ಬಿದ್ದರೆ ಜಾರುತ್ತದೆ. ಅಮ್ಮನಿಗೆ ಹೊಸ ಶೂ ಕೊಡಿಸಿ ಮೊದಲ ಸಲ ಅಲ್ಲೇ ಹಾಕಿಸಬೇಡಿ. ಒಂದು ತಿಂಗಳು ಮೊದಲೇ ಮನೆ ಹತ್ತಿರ ಓಡಾಡಿಸಿ. ಬಾವಿಗೆ ಮಾತ್ರ ಇಳಿಸಬೇಡಿ. ಯಾಕೆ ಎನ್ನುವುದು ಮುಂದಿನ ಉತ್ತರದಲ್ಲಿದೆ.

ಮೇಡಂ, ನೀವೇ ನೀರಿನ ಇಲಾಖೆಯವರು. ಆ ಬಾವಿಯ ಬಗ್ಗೆ ಒಂದೇ ಸಾಲು ಬರೆದು ಬಿಟ್ಟಿರಲ್ಲ! ಬೆಟ್ಟದ ಮೇಲೆ ಅಷ್ಟು ದೊಡ್ಡ ಬಾವಿ ಯಾರು ತೋಡಿದರು, ಯಾಕೆ?
— ಓದುಗರು, ತುಮಕೂರು

ಈ ಪ್ರಶ್ನೆಗೇ ಕಾಯುತ್ತಿದ್ದೆ.

ಮೊದಲು ನೆಲದ ವಿಷಯ. ಒರ್ವಿಯೇಟೊ ಕೂತಿರುವುದು ಟಫ್ ಎಂಬ ಕಲ್ಲಿನ ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು ಅದು. ಹಗುರ, ಮೆತ್ತಗೆ, ಉಳಿಗೆ ಬೇಗ ಬಗ್ಗುತ್ತದೆ, ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಜೇಡಿಮಣ್ಣು. ಜೇಡಿ ನೀರು ಬಿಡುವುದಿಲ್ಲ. ಹಾಗಾಗಿ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿದು, ಜೇಡಿ ಸಿಕ್ಕಿದಲ್ಲಿ ನಿಂತು, ಬಂಡೆಯ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಅಂದರೆ ಊರು ಮೇಲೆ, ನೀರು ಕೆಳಗೆ. ಶತ್ರು ಹತ್ತಲಾರದ ಜಾಗ ನಿಜ. ಆದರೆ ಶತ್ರು ಹತ್ತಬೇಕಾಗಿಯೇ ಇಲ್ಲವಲ್ಲ? ಕೆಳಗೆ ಡೇರೆ ಹಾಕಿ ಕೂತರೆ ಸಾಕು, ಮೇಲಿನವರು ಬಾಯಾರಿ ತಾವೇ ಇಳಿದು ಬರುತ್ತಾರೆ. ಮಧ್ಯಯುಗದಲ್ಲಿ ಹೊರಗಿನ ಎತ್ತರದ ನೆಲದಿಂದ ಊರಿಗೆ ಕಾಲುವೆ ಕಟ್ಟಿ ನೀರು ತಂದಿದ್ದರು. ಮುತ್ತಿಗೆ ಹಾಕುವವನು ಮೊದಲು ಒಡೆಯುವುದು ಅದನ್ನೇ.

ಈಗ ಮನುಷ್ಯರ ವಿಷಯ. 1527ರ ಮೇ ತಿಂಗಳಲ್ಲಿ ಚಕ್ರವರ್ತಿ 5ನೇ ಚಾರ್ಲ್ಸ್‌ನ ಸೈನ್ಯ ರೋಮ್ ನಗರವನ್ನು ಸೂರೆ ಮಾಡಿತು. ಆ ಸೈನಿಕರಿಗೆ ಸಂಬಳ ಬಂದಿರಲಿಲ್ಲ. ಪೋಪ್ 7ನೇ ಕ್ಲೆಮೆಂಟ್ ತಿಂಗಳುಗಟ್ಟಲೆ ತನ್ನದೇ ಕೋಟೆಯಲ್ಲಿ ಸೆರೆಯಾಳಿನ ಹಾಗೆ ಇದ್ದು, ಡಿಸೆಂಬರಿನಲ್ಲಿ ವೇಷ ಮರೆಸಿಕೊಂಡು ಒರ್ವಿಯೇಟೊಗೆ ಓಡಿಬಂದ. ಇಂಗ್ಲೆಂಡಿನ 8ನೇ ಹೆನ್ರಿಯ ದೂತರು ರಾಜನ ಮದುವೆ ರದ್ದು ಮಾಡಿಕೊಡಿ ಎಂದು ಪೋಪನನ್ನು ಹುಡುಕಿಕೊಂಡು ಬಂದದ್ದೂ ಈ ಬಂಡೆಯ ಮೇಲಕ್ಕೇ. ಯೋಚಿಸಿ, ತಲೆ ಉಳಿಸಿಕೊಂಡು ಬಂದು ಕೂತಿದ್ದಾನೆ, ಅಷ್ಟರಲ್ಲಿ ಇನ್ಯಾರದೋ ಮನೆ ಜಗಳ! ಸೈನ್ಯ ಇಲ್ಲಿಗೂ ಬಂದರೆ ನೀರಿಗೇನು ಗತಿ ಎಂಬ ಭಯ ಪೋಪನಿಗೆ. ಆಂಟೋನಿಯೊ ದ ಸಾಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಬಾವಿ ತೋಡಲು ಹೇಳಿದ.

ಬಾವಿ ಅಂದರೆ ರಾಟೆ, ಹಗ್ಗ, ಕೊಡ ಅಂದುಕೊಳ್ಳಬೇಡಿ. ಆಳ ಸುಮಾರು 53 ಮೀಟರ್, ಅಗಲ 13 ಮೀಟರ್. ಇಷ್ಟು ಆಳದಿಂದ ಊರಿಗೆ ಸಾಕಾಗುವಷ್ಟು ನೀರು ಸೇದುವುದು ಆಗದ ಮಾತು. ಹೇಸರಗತ್ತೆಗಳೇ ಇಳಿದು ಹೊತ್ತು ತರಬೇಕು. ಆದರೆ ಇಳಿಯುವ ಕತ್ತೆಗೆ ಹತ್ತುವ ಕತ್ತೆ ಎದುರಾದರೆ? ಕಿರಿದಾದ ಮೆಟ್ಟಿಲಿನಲ್ಲಿ ನೀರು ಹೊತ್ತ ಕತ್ತೆ ಹಿಂದೆ ಸರಿಯುತ್ತದೆಯೇ? ಸಾಂಗಾಲ್ಲೊ ಮಾಡಿದ್ದು ಇಷ್ಟು: ಬಾವಿಯ ಗೋಡೆಯೊಳಗೆ ಎರಡು ಸುರುಳಿ ಮೆಟ್ಟಿಲು, ಒಂದರ ಮೇಲೊಂದು ಹೆಣೆದ ಹಾಗೆ. ಬಾಗಿಲೂ ಎರಡು. ಒಂದರಲ್ಲಿ ಇಳಿಯುವುದು, ತಳದಲ್ಲಿ ಸೇತುವೆ ದಾಟುವುದು, ಇನ್ನೊಂದರಲ್ಲಿ ಹತ್ತುವುದು. ಇಳಿಯುವವರಿಗೆ ಹತ್ತುವವರು ಎಲ್ಲೂ ಎದುರಾಗುವುದಿಲ್ಲ. ಒಟ್ಟು 248 ಮೆಟ್ಟಿಲು. ಕತ್ತೆಯ ಕಾಲಿಗೆ ಹೊಂದುವ ಹಾಗೆ ಅಗಲ ಜಾಸ್ತಿ, ಎತ್ತರ ಕಡಿಮೆ. ನಡುವಿನ ಖಾಲಿಗೆ ತೆರೆದ ಸುಮಾರು 70 ಕಿಟಕಿಗಳಿಂದ ಬೆಳಕು. ಮೇಲಿನ ಭಾಗ ಟಫ್ ಕಲ್ಲನ್ನೇ ಕೊರೆದದ್ದು. ಕೆಳಗೆ ಜೇಡಿ ಬಂದ ಮೇಲೆ ಕುಸಿಯದಂತೆ ಇಟ್ಟಿಗೆ ಕಟ್ಟಿದ್ದಾರೆ. ಇಳಿಯುತ್ತಾ ಗೋಡೆ ಮುಟ್ಟಿ ನೋಡಿ. ಕಲ್ಲು ಮುಗಿದು ಇಟ್ಟಿಗೆ ಶುರುವಾಗುವುದು ಕೈಗೇ ತಿಳಿಯುತ್ತದೆ. ನಾನು ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಜರ್ಮನ್ ದಂಪತಿ ನನಗೆ ತಲೆ ಸುತ್ತು ಬಂದಿದೆ ಅಂದುಕೊಂಡು ನೀರಿನ ಬಾಟಲಿ ಕೊಟ್ಟರು. ಬಾವಿಯೊಳಗೆ ಬಾಟಲಿ ನೀರು!

ನಮ್ಮವರು ಇಳಿಯಲಿಲ್ಲ. ಮೇಲೆ ತೋಟದಲ್ಲಿ ಕೂತಿದ್ದರು. ನಾನು ತಳದ ಸೇತುವೆಯ ಮೇಲೆ ನಿಂತು ಮೇಲೆ ನೋಡಿದರೆ ಆಕಾಶ ಒಂದು ರೊಟ್ಟಿಯಷ್ಟು ಕಾಣುತ್ತಿತ್ತು. ಬೇಸಿಗೆಯಲ್ಲೂ ಕೆಳಗೆ ಚಳಿ, ಒಂದು ಶಾಲು ಇರಲಿ. ತಳದ ನೀರಿನಲ್ಲಿ ಬರೀ ನಾಣ್ಯ. ಯಾಕಾದರೂ ಎಸೆಯುತ್ತಾರೋ! ಕುಡಿಯುವ ನೀರಿಗೆ ದುಡ್ಡು ಎಸೆಯುವುದನ್ನು ನಾನಂತೂ ಯಾವ ದೇಶದಲ್ಲೂ ಒಪ್ಪುವುದಿಲ್ಲ.

ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು, 1537ಕ್ಕೆ. ಕ್ಲೆಮೆಂಟ್ 1534ರಲ್ಲೇ ತೀರಿಕೊಂಡಿದ್ದ. ಮುಗಿಸಿದ್ದು ಮುಂದಿನ ಪೋಪ್ 3ನೇ ಪಾಲ್. ಬಾವಿಯ ನೆನಪಿಗೆ ಕ್ಲೆಮೆಂಟ್ ಒಂದು ಪದಕ ಮಾತ್ರ ಮಾಡಿಸಿದ್ದ. ಅಕ್ಕಸಾಲಿ ಬೆನ್ವೆನುಟೊ ಚೆಲ್ಲೀನಿ ಅದರ ಮೇಲೆ ಬಂಡೆಗೆ ಕೋಲು ಹೊಡೆದು ನೀರು ತರಿಸುವ ಬೈಬಲಿನ ಮೋಸೆಸನನ್ನು ಕೆತ್ತಿದ. "ಜನ ಕುಡಿಯಲಿ ಎಂದು" ಅಂತ ಲ್ಯಾಟಿನ್ ಬರಹ. ಜನರಿಗಿಂತ ಮೊದಲು ತನಗೆ ಅಂತ ಅಲ್ಲವೇ ಶುರು ಮಾಡಿದ್ದು? ಇರಲಿ. ನಮ್ಮ ಕಡತಗಳಲ್ಲೂ ಉದ್ದೇಶದ ಕಾಲಂ ಹಾಗೇ ತುಂಬುತ್ತಿದ್ದರು.

ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಅಲ್ಲಿ ಬದುಕಬಹುದೇ? ಅವಲಕ್ಕಿ, ಚಟ್ನಿಪುಡಿ ಹೊತ್ತುಕೊಂಡು ಹೋಗಬೇಕೇ?
— ಓದುಗರು, ಧಾರವಾಡ

ಚಟ್ನಿಪುಡಿ ಒಯ್ಯಿರಿ. ಬೇಕಾಗುತ್ತದೆ, ಯಾಕೆಂದರೆ ಅಲ್ಲಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಬಾವಿ ಮುಗಿಸಿದ 3ನೇ ಪಾಲ್ 1540ರಲ್ಲಿ ಉಪ್ಪಿನ ಬೆಲೆ ಏರಿಸಿದ. ಹತ್ತಿರದ ಪೆರುಜಾ ನಗರ ಅದಕ್ಕಾಗಿ ದಂಗೆಯೆದ್ದು ಸೋತಿತು. ಅಂದಿನಿಂದ ಸಿಟ್ಟಿಗೆ ಉಪ್ಪು ಬಿಟ್ಟೆವು ಎಂದು ಉಂಬ್ರಿಯಾದವರು ಹೇಳುತ್ತಾರೆ. ಅದಕ್ಕೂ ಮೊದಲೇ ಬ್ರೆಡ್ಡು ಸಪ್ಪೆ ಇತ್ತು ಅನ್ನುವವರೂ ಇದ್ದಾರೆ. ಯಾವುದು ನಿಜವಾದರೂ ಆಲಿವ್ ಎಣ್ಣೆಯಲ್ಲಿ ಚಟ್ನಿಪುಡಿ ಕಲಸಿ ಅದ್ದಿಕೊಂಡರೆ ಆ ಬ್ರೆಡ್ಡು ಬಹಳ ಚೆನ್ನ.

ಊಟಕ್ಕೆ ಉಂಬ್ರಿಕೆಲ್ಲಿ ಕೇಳಿ. ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯ ಹಾಗಿನ ಪಾಸ್ತಾ. ಮೂಲದಲ್ಲಿ ಹಿಟ್ಟು ಮತ್ತು ನೀರು ಅಷ್ಟೇ, ಆದರೂ ಮೊಟ್ಟೆ ಹಾಕಿದ್ದೀರಾ ಎಂದು ಕೇಳಿಯೇ ತಿನ್ನಿ. "ಸೆನ್ಜಾ ಊವಾ" ಅಂದರೆ ಮೊಟ್ಟೆ ಇಲ್ಲದೆ, "ಸೆನ್ಜಾ ಕಾರ್ನೆ" ಅಂದರೆ ಮಾಂಸ ಇಲ್ಲದೆ. ಎರಡನ್ನೂ ಹೇಳಿದ ಮೇಲೆ ಮೀನು, ಹಂದಿಯ ಉಪ್ಪುಮಾಂಸ ಇವುಗಳನ್ನೂ ಬೇರೆಯಾಗಿ ಹೆಸರು ಹಿಡಿದು ಬೇಡ ಅನ್ನಿ. ಬೇಕರಿಯಲ್ಲಿ ಬಸವನ ಹುಳದ ಚಿಪ್ಪಿನ ಹಾಗೆ ಸುತ್ತಿದ ಲುಮಾಕೆಲ್ಲೆ ಎಂಬ ಬನ್ ಘಮಘಮ ಅನ್ನುತ್ತಿರುತ್ತದೆ. ಕೈ ಹಾಕಬೇಡಿ, ಒಳಗೆ ಹಂದಿಮಾಂಸದ ಚೂರು ಇರುತ್ತದೆ. ಟೊಮೆಟೊ ಮತ್ತು ಒಣಮೆಣಸಿನಕಾಯಿ ಹಾಕಿದ ಅರಾಬಿಯಾತಾ ಸಾರು ಧಾರವಾಡದವರಿಗೆ ಖಾರ ಅನಿಸಲಾರದು, ಆದರೆ ಹತ್ತಿರ ಬರುತ್ತದೆ.

ಮಧ್ಯಾಹ್ನ ಎರಡೂವರೆ ದಾಟಿದರೆ ಅಡುಗೆಮನೆ ಮುಚ್ಚುತ್ತದೆ. ಮತ್ತೆ ಊಟ ಸಂಜೆ ಏಳೂವರೆಗೇ. ಬಿಲ್ಲಿನಲ್ಲಿ ಕೊಪೆರ್ತೊ ಎಂದು ಒಂದೆರಡು ಯೂರೊ ಸೇರಿದ್ದರೆ ಮೋಸ ಅಂತ ಸಿಟ್ಟಾಗಬೇಡಿ, ಅದು ಕೂತದ್ದಕ್ಕೆ.

ಹನ್ನೆರಡು ವರ್ಷದ ಮಗ ರೋಮ್‌ನಲ್ಲಿ ಚರ್ಚ್ ನೋಡಿ ನೋಡಿ ಸಾಕಾಗಿ ಮುಷ್ಕರ ಹೂಡುತ್ತಾನೆ ಅಂತ ಈಗಲೇ ಭಯ. ಇಲ್ಲೂ ಚರ್ಚೇ ಮುಖ್ಯ ಅಲ್ವಾ?
— ಓದುಗರು, ಬೆಂಗಳೂರು

ಮಗನಿಗೆ ದೆವ್ವದ ಆಸೆ ತೋರಿಸಿ.

ಚರ್ಚಿಗೆ ಅಡಿಗಲ್ಲು ಬಿದ್ದದ್ದು 1290ರಲ್ಲಿ. ಹೊರಗೋಡೆ ಬಿಳಿ ಕಲ್ಲು, ಕಪ್ಪು ಕಲ್ಲು ಸಾಲುಸಾಲಾಗಿ, ಜೀಬ್ರಾದ ಹಾಗೆ. ಮುಂಭಾಗದ ನಾಲ್ಕು ಕಂಬಗೋಡೆಗಳನ್ನು ಹತ್ತಿರದಿಂದ ನೋಡಿ. ಲೊರೆಂಜೊ ಮೈತಾನಿಯ ಮೇಲ್ವಿಚಾರಣೆಯಲ್ಲಿ ಕೆತ್ತಿದ್ದು. ಎಡತುದಿಯಲ್ಲಿ ಸೃಷ್ಟಿ: ಮಲಗಿದ ಆದಾಮನ ಪಕ್ಕೆಲುಬಿಗೆ ದೇವರು ಕೈ ಹಾಕುತ್ತಿದ್ದಾನೆ. ಬಲತುದಿಯ ಬುಡದಲ್ಲಿ ನರಕ. ಮಕ್ಕಳ ಕಣ್ಣಿನ ಎತ್ತರಕ್ಕೇ ಇದೆ.

ಒಳಗೆ ಬಲಕ್ಕೆ ಸಾನ್ ಬ್ರಿಜಿಯೊ ಎಂಬ ಕೋಣೆ. 1447ರಲ್ಲಿ ಫ್ರಾ ಆಂಜೆಲಿಕೊ ಚಾವಣಿಯ ಚಿತ್ರ ಶುರು ಮಾಡಿ ಅರ್ಧಕ್ಕೆ ಬಿಟ್ಟ. ಐವತ್ತು ವರ್ಷ ಹಾಗೇ ಇತ್ತು. 1499ರಿಂದ 1504ರವರೆಗೆ ಲೂಕಾ ಸಿನ್ಯೊರೆಲ್ಲಿ ಮುಗಿಸಿದ. ಒಂದು ಗೋಡೆಯಲ್ಲಿ ಸತ್ತವರು ನೆಲದಿಂದ ಏಳುತ್ತಿದ್ದಾರೆ. ಕೆಲವರಿಗೆ ಮೈ ಬಂದಿದೆ, ಕೆಲವರು ಇನ್ನೂ ಬರೀ ಎಲುಬು. ಒಬ್ಬೊಬ್ಬರು ಕೈಯೂರಿ, ಈಜುಕೊಳದಿಂದ ಮೇಲೆ ಬರುವವರ ಹಾಗೆ ತಮ್ಮನ್ನು ತಾವೇ ಎತ್ತಿಕೊಳ್ಳುತ್ತಿದ್ದಾರೆ. ಇನ್ನೊಂದರಲ್ಲಿ ಹಸಿರು, ನೇರಳೆ ಮೈಯ ದೆವ್ವಗಳು ಪಾಪಿಗಳನ್ನು ಹಿಂಡುತ್ತಿವೆ. ಒಂದು ದೆವ್ವ ಹೆಂಗಸನ್ನು ಬೆನ್ನ ಮೇಲೆ ಹೊತ್ತು ಹಾರುತ್ತಿದೆ. ಮಗನಿಗೆ ಒಂದು ಕೆಲಸ ಕೊಡಿ: ಕ್ರಿಸ್ತನ ವೇಷದವನ ಕಿವಿಯಲ್ಲಿ ದೆವ್ವ ಪಿಸುಗುಡುತ್ತಿರುವ ಚಿತ್ರದ ಎಡಮೂಲೆಯಲ್ಲಿ ಕಪ್ಪು ಬಟ್ಟೆಯ ಇಬ್ಬರು ನಿಂತಿದ್ದಾರೆ, ಯಾರು ಅಂತ ಹೇಳಲಿ. ಒಬ್ಬ ಸಿನ್ಯೊರೆಲ್ಲಿಯೇ, ಇನ್ನೊಬ್ಬ ಅರ್ಧಕ್ಕೆ ಬಿಟ್ಟುಹೋದ ಫ್ರಾ ಆಂಜೆಲಿಕೊ. ಕೆಲಸ ಬಿಟ್ಟವನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನೆ ನೋಡಿ, ಅದು ನನಗೆ ಬಹಳ ಹಿಡಿಸಿತು.

ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಹೊರಗೆ ಬಂದ ಮೇಲೆ ಚೌಕದ ಮೂಲೆಯ ಗೋಪುರ ನೋಡಿ. ಮೌರೀಜಿಯೊ ಎಂಬ ಕಂಚಿನ ಮನುಷ್ಯ ಸುತ್ತಿಗೆಯಲ್ಲಿ ಗಂಟೆ ಹೊಡೆಯುತ್ತಾನೆ. ಮತ್ತೂ ಮುಷ್ಕರ ಮುಂದುವರಿದರೆ ನೆಲದಡಿಯ ಗುಹೆಗಳಿವೆ. ಊರಿನ ಅಡಿ 1,200ಕ್ಕೂ ಹೆಚ್ಚು ಪೊಳ್ಳುಗಳನ್ನು ಗುರುತಿಸಿದ್ದಾರೆ. ಚರ್ಚಿನ ಚೌಕದಿಂದಲೇ ಗೈಡ್ ಕರೆದೊಯ್ಯುತ್ತಾರೆ, ಸುಮಾರು ಒಂದು ಗಂಟೆ. ಆಲಿವ್ ಎಣ್ಣೆಯ ಗಾಣ, ರೋಮನ್ನರಿಗೂ ಮೊದಲು ಇಲ್ಲಿದ್ದ ಎಟ್ರಸ್ಕನ್ನರು ತೋಡಿದ ಇಕ್ಕಟ್ಟು ಬಾವಿ, ಗೋಡೆ ತುಂಬ ಪಾರಿವಾಳದ ಗೂಡು. ಪಾರಿವಾಳ ಸಾಕುತ್ತಿದ್ದದ್ದು ಮುದ್ದಿಗಲ್ಲ, ಊಟಕ್ಕೆ. ಮುತ್ತಿಗೆ ಬಿದ್ದಾಗ ಹೊರಗೆ ಹಾರಿಹೋಗಿ ತಾನೇ ಮೇವು ತಿಂದು ಬರುವ ಪ್ರಾಣಿ ಬೇರೆ ಯಾವುದಿದೆ?

ಕಾರು ಬಾಡಿಗೆ ಹಿಡಿದು ಹೋಗಬಹುದಾ?
— ಓದುಗರು, ಮಂಗಳೂರು

ಹೋಗಬಹುದು, ಕೆಳಗೇ ನಿಲ್ಲಿಸಿ. ಹಳೆಯ ಊರಿನೊಳಗೆ ಹೊರಗಿನ ವಾಹನಕ್ಕೆ ನಿರ್ಬಂಧ ಇದೆ. ಕ್ಯಾಮೆರಾ ನಂಬರು ಹಿಡಿಯುತ್ತದೆ, ದಂಡದ ಕಾಗದ ಎಷ್ಟೋ ತಿಂಗಳ ಮೇಲೆ ಮನೆಗೆ ಬರುತ್ತದೆ.

ಹತ್ತಿರದಲ್ಲೇ "ಸಾಯುತ್ತಿರುವ ಊರು" ಒಂದಿದೆಯಂತೆ. ನಿಜವೇ?
— ಓದುಗರು, ಕುಂದಾಪುರ

ನಿಜ. ಚಿವಿತಾ ದಿ ಬಾನ್ಯೊರೇಜೊ. ಅದೂ ಟಫ್, ಅಡಿಯಲ್ಲಿ ಅದೂ ಜೇಡಿ. ಮಳೆ, ತೊರೆ ಸೇರಿ ಜೇಡಿಯನ್ನು ಕೊಚ್ಚುತ್ತವೆ, ಆಧಾರ ತಪ್ಪಿದ ಕಲ್ಲು ಅಂಚಿನಿಂದ ಮುರಿದು ಬೀಳುತ್ತದೆ. 1695ರ ಭೂಕಂಪದ ಮೇಲೆ ಜನ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಈಗ ವರ್ಷವಿಡೀ ಅಲ್ಲಿರುವವರು ಬೆರಳೆಣಿಕೆ. ಮಿಕ್ಕಂತೆ ಬೆಕ್ಕುಗಳು, ಪ್ರವಾಸಿಗಳು. ಒಳಗೆ ಹೋಗಲು 1965ರಲ್ಲಿ ಕಟ್ಟಿದ ಕಾಲುಸೇತುವೆ ಒಂದೇ ದಾರಿ. ಕೊನೆಯ ಏರು ಕಡಿದು. ಟಿಕೆಟ್ ಇದೆ. ಒರ್ವಿಯೇಟೊದಿಂದ ಬಸ್ಸು ಉಂಟು, ಆದರೆ ಕೆಲವೇ. ಭಾನುವಾರ, ಹಬ್ಬದ ದಿನ ಬಸ್ ನಂಬಿ ಹೊರಡಬೇಡಿ.

ಒರ್ವಿಯೇಟೊ ಯಾಕೆ ಹಾಗಾಗಲಿಲ್ಲ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದೂ ಅಂಚಿನಲ್ಲಿ ಕುಸಿಯುತ್ತಿತ್ತು. ಮಳೆಯ ಜೊತೆಗೆ ಊರಿನ ಹಳೆಯ ಚರಂಡಿ, ನೀರಿನ ಕೊಳವೆಗಳ ಸೋರಿಕೆಯೂ ಕಾರಣ. 1978ರಲ್ಲಿ ಸರ್ಕಾರ ಆ ಬಂಡೆಯನ್ನು ಉಳಿಸಲೆಂದೇ ಕಾನೂನು ಮಾಡಿತು. ಸಡಿಲ ಕಲ್ಲಿಗೆ ಉಕ್ಕಿನ ಸರಳು ಹೊಡೆದು ಬಿಗಿದರು, ಕೊಳವೆಗಳನ್ನು ಸರಿಮಾಡಿದರು. ಬಂಡೆಯ ಬುಡ ಸುತ್ತಿ ಬರುವ ಕಾಲುದಾರಿ ಇದೆ, ಹೆಚ್ಚುಕಡಿಮೆ ಐದು ಕಿಲೋಮೀಟರ್. ಮೂರನೇ ದಿನ ಬೆಳಿಗ್ಗೆ ನಾವಿಬ್ಬರೂ ಆ ದಾರಿಯಲ್ಲಿ ಸುತ್ತು ಬಂದೆವು. ನಮ್ಮವರು ಎಟ್ರಸ್ಕನ್ ಗೋರಿಗಳ ಫೋಟೊ ತೆಗೆದರು. ನಾನು ಸೋರಿಕೆ ಎಲ್ಲಾದರೂ ಉಳಿದಿದೆಯಾ ಅಂತ ಬಂಡೆಯನ್ನೇ ನೋಡುತ್ತಾ ನಡೆದೆ. ಒಂದು ಕಡೆ ಪಾಚಿ ಹಸಿಯಾಗಿತ್ತು. ಕೊಳವೆಯದ್ದೋ ಒರತೆಯದ್ದೋ ಗೊತ್ತಾಗದೆ, ಕೈ ಒದ್ದೆ ಮಾಡಿಕೊಂಡು ಬಂದೆ.